ನೀಲಗಂಗಾಳ ಉಸಿರಿನ ಬಗ್ಗೆ ಡಾಕ್ಟರ್ ಇಟಗಿಯವರಿಗೆ

ನಡುಮಾಸದ ನಲವತ್ತೊಂದನೆಯ ದಿನ, 2214

ಡಾಕ್ಟರ್ ಮುರಗೇಂದ್ರ ಇಟಗಿಯವರೇ,

ಬೇಸಿಗೆ ಉದ್ದವಾಗಿ ಹಳೆಯ ತಿಂಗಳುಗಳಲ್ಲಿ ಹಿಡಿಯದಾದಾಗ ನಾವು ನಡುವೆ ಸೇರಿಸಿಕೊಂಡ ತಿಂಗಳೇ ನಡುಮಾಸ. ಹಿಂದಕ್ಕೆ, ನಿಮ್ಮ ಕಾಲಕ್ಕೆ ಕಳಿಸುತ್ತಿರುವ ಈ ಪತ್ರದಲ್ಲಿ ಇಂಥ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ನಿಮ್ಮ ಕ್ಷೇಮ ವಿಚಾರಿಸುವ ಮನಸ್ಸು ನನಗಿಲ್ಲ.

ನಿಮ್ಮ ಲೆಕ್ಕದಲ್ಲಿ ಎರಡು ವರ್ಷದ ಹಿಂದೆ ನೀವು ಎದೆಮೂಳೆ ಸೀಳಿದ ಬಾಗಲಕೋಟೆಯ ನೀಲಗಂಗಾ ಹೂಗಾರ ನಿಮಗೆ ನೆನಪಿರಲಿಕ್ಕಿಲ್ಲ. ನಾನು ಅವಳ ಮರಿಮಗಳ ಮರಿಮಗಳು. ಈ ಕಥೆಯನ್ನು ಅವಳು ಮಗಳಿಗೆ ಹೇಳಿದಳು. ಹಾಗೆ ಬಾಯಿಂದ ಬಾಯಿಗೆ ನನ್ನವರೆಗೆ ಬಂದಿದೆ.

ಅವಳು ಕಬಡ್ಡಿ ಆಡುತ್ತಿದ್ದಳು. ಎದುರು ಅಂಗಳಕ್ಕೆ ನುಗ್ಗಿ, ಒಂದೇ ಉಸಿರಿನಲ್ಲಿ ಇಬ್ಬರನ್ನು ಮುಟ್ಟಿ ಬರುವ ಹುಡುಗಿ. ಕೆಮ್ಮು ಬಿಡದಿದ್ದಾಗ, ಮುಖ ಬಾತಾಗ, ಸಿಟಿ ಸ್ಕ್ಯಾನ್ ಮಾಡಿಸಿದರು. ಎದೆಮೂಳೆಯ ಹಿಂದೆ ಗಡ್ಡೆ ಕಂಡಿತು. ನಿಮ್ಮದೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದುತ್ತಿದ್ದ ಡಾಕ್ಟರ್ ಶಾಂಭವಿ ಅವಳ ಎದುರಿಗೇ ನಿಮ್ಮನ್ನು ಕೇಳಿಕೊಂಡರು.

"ಸರ್, ಕಾಂಟ್ರಾಸ್ಟ್ ಔಷಧಿ ಚುಚ್ಚಿ ಒಂದು ಎಂಆರ್‌ಐ ಮಾಡೋಣ್ರಿ. ಥೈಮಸ್ ಗ್ರಂಥಿ ಗಡ್ಡಿ ಆಗಿದ್ರ ಆ ಔಷಧಿ ಬಡಬಡ ಹೀರ್ಕೊಂಡು ಬಿಡ್ತದ. ಲಿಂಫೋಮಾ ಆಗಿದ್ರ ನಿಧಾನಕ್ಕ ಏರ್ತದ. ಹಂಗ ಕಂಡ್ರ ಸೂಜಿ ಹಾಕಿ ಖಾತ್ರಿ ಮಾಡ್ಕೊಳ್ಳೋಣ. ಲಿಂಫೋಮಾಕ್ಕ ಎದಿ ತೆರಿಯೋದ ಬ್ಯಾಡ, ಕೀಮೋ ಔಷಧಕ್ಕ ಕರಗ್ತದ."

"ತೆರದ್ರ ತಾನ ಗೊತ್ತಾಗ್ತದ," ಅಂದಿರಿ ನೀವು.

ಗೊತ್ತಾಯಿತು. ಅದು ಲಿಂಫೋಮಾ ಎಂಬ ಕ್ಯಾನ್ಸರೇ. ವಪೆಯನ್ನು, ಅಂದರೆ ಉಸಿರನ್ನು ಎಳೆದುಕೊಳ್ಳುವ ಸ್ನಾಯುವನ್ನು, ಆಡಿಸುವ ನರಕ್ಕೆ ಅದು ಅಂಟಿಕೊಂಡಿತ್ತು. ಗಡ್ಡೆಯ ಜೊತೆ ನರವನ್ನೂ ಕತ್ತರಿಸಿದಿರಿ. ಆಮೇಲೆ ಕೊಟ್ಟದ್ದು ಅದೇ ಕೀಮೋ. ಉಳಿದದ್ದೆಲ್ಲ ಅದಕ್ಕೇ ಕರಗಿತು.

ಮರುವರ್ಷ ಅವಳು ಅಂಗಳಕ್ಕಿಳಿದಳು. ಗೆರೆ ದಾಟಿ ಕಬಡ್ಡಿ ಕಬಡ್ಡಿ ಎನ್ನುತ್ತ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಉಸಿರು ಕಡಿಯಿತು. ಎದುರಿನ ಹುಡುಗಿಯರು ಅವಳ ಗೆಳತಿಯರೇ. ಯಾರೂ ಹಿಡಿಯಲಿಲ್ಲ. ಕೈ ಇಳಿಬಿಟ್ಟು ನಿಂತರು.

"ಹಿಡೀರಲೇ! ಯಾಕ ನಿಂತೀರಿ?" ಎಂದು ಬಾಗಿ ಏದುಸಿರು ಬಿಡುತ್ತ ಕೂಗಿದಳು. ಆಗಲೂ ಯಾರೂ ಹತ್ತಿರ ಬರಲಿಲ್ಲ. ಸೋತದ್ದಕ್ಕಲ್ಲ, ಆ ಕನಿಕರಕ್ಕೆ ಅವಳು ಅತ್ತಳು.

ಅಲ್ಲಿಂದ ನೇರ ನಿಮ್ಮ ಬಳಿ ಬಂದು ಕೇಳಿದಳು: "ಮೊದಲ ನೋಡಬಹುದಿತ್ತಲ್ರಿ?"

"ಜೀವ ಉಳದದಲ್ಲವಾ, ಇನ್ನೇನ್ ಬೇಕು ನಿನಗ?" ಎಂದು ನೀವು ಮೊಬೈಲ್ ಎತ್ತಿಕೊಂಡಿರಿ.

ಇಷ್ಟು ನಿಮ್ಮ ಕಾಲದಲ್ಲಿ ಆಗಲೇ ನಡೆದುಹೋದದ್ದು. ಮುಂದಿನದು ನಿಮಗೆ ಗೊತ್ತಿಲ್ಲ. ಅವಳು ಮುಂದೆ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತಾಳೆ, ಕುರ್ಚಿಯಲ್ಲಿ ಕೂತು, ಸೀಟಿಯನ್ನು ಬೇರೆಯವರ ಕೈಗೆ ಕೊಟ್ಟು. ಸೀಟಿ ಊದುವಷ್ಟು ಗಾಳಿ ಅವಳಿಗೆ ನಿಲ್ಲುವುದಿಲ್ಲ. ಮಹಡಿ ಮನೆ ಬೇಡವೆನ್ನುತ್ತಾಳೆ. ಮಗಳಿಗೆ ಜೋಗುಳವನ್ನು ತುಂಡು ತುಂಡಾಗಿ ಹಾಡುತ್ತಾಳೆ.

ನಮ್ಮ ಕಾಲದಲ್ಲಿ ಊಟದ ಮನೆಗಳಲ್ಲಿ ಒಳಗೋಡೆ ಇರುತ್ತದೆ. ಒರಗಿ ಕೂತವರ ಎದೆಯ ಒಳಗನ್ನು, ಅವರು ರೊಟ್ಟಿ ಮುರಿಯುವಷ್ಟರಲ್ಲಿ, ಅದು ನೋಡಿ ಮುಗಿಸುತ್ತದೆ. ನೋಡುವಾಗ ಗೋಡೆ ಗುನುಗಿದರೆ ಮಕ್ಕಳು ನಗುತ್ತಾರೆ, ಹಿರಿಯರು ಗದರುತ್ತಾರೆ. ಅಂಥದ್ದು ನಿಮಗಿರಲಿಲ್ಲ ಎಂದು ನಾನು ಜಗಳ ತೆಗೆಯುತ್ತಿಲ್ಲ. ನಿಮ್ಮಲ್ಲಿ ಇದ್ದದ್ದು ಸಾಕಾಗಿತ್ತು. ಎಂಆರ್‌ಐ ನಿಮ್ಮದೇ ಕಟ್ಟಡದಲ್ಲಿತ್ತು. ಅದನ್ನು ಓದಬಲ್ಲವರು ನಿಮ್ಮ ಎದುರೇ ನಿಂತು ಬೇಡಿಕೊಂಡರು. ತಿಳಿಯದೆ ಮಾಡಿದವರನ್ನು ಕ್ಷಮಿಸಬಹುದು. ತಿಳಿಯುವುದೇ ಬೇಡವೆಂದವರನ್ನು ನಾನು ಕ್ಷಮಿಸಲಾರೆ, ನನ್ನ ಮಕ್ಕಳಿಗೂ ಕ್ಷಮಿಸಲು ಕಲಿಸಲಾರೆ.

ನಾಳೆ ನಿಮ್ಮ ಬಾಗಿಲ ಹೊರಗೆ ರಮಜಾನಸಾಬ ಎಂಬ ಲಾರಿ ಡ್ರೈವರ್ ಕೂತಿರುತ್ತಾರೆ. ಅದೇ ಜಾಗದಲ್ಲಿ ಗಡ್ಡೆ. ಶಾಂಭವಿಯವರು ಅದೇ ಮಾತು ಹೇಳಲು ನಿಮ್ಮ ಕೋಣೆಗೆ ಬರುತ್ತಾರೆ. ಆತ ನನಗೆ ಏನೂ ಆಗಬೇಕಿಲ್ಲ. ಆತ ಅಲ್ಲಿ ಕೂತದ್ದಷ್ಟೇ ಕಥೆಯಲ್ಲಿ ನಮ್ಮವರೆಗೆ ಬಂದಿದೆ; ಆಮೇಲೆ ಆತನಿಗೆ ಏನಾಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು.

ಈ ಸಲ ಬಾಯಿ ಮುಚ್ಚಿಕೊಂಡು ಶಾಂಭವಿಯವರ ಮಾತು ಕೇಳಿಸಿಕೊಳ್ಳಿ.