ಅಂಬಿಗ ಮನೆಗೆ ಬರುವ ಸಿನಿಮಾ

ಭಾನುವಾರ, ಮಾರ್ಚ್ ೯
ಮಧ್ಯಾಹ್ನ ಮೂರೂಕಾಲು

ಲಿಫ್ಟಿನವರಿಗೆ,

ಲಿಫ್ಟ್ ರಿಪೇರಿಯ ಅಳಿಯನೆಂದು ಅಮ್ಮ ನಿಮ್ಮನ್ನು ಕರೆಯುವ ಹೆಸರಿನಲ್ಲೇ ಶುರು ಮಾಡುತ್ತಿದ್ದೇನೆ. ಇದಕ್ಕೆ ಮೊದಲು ಎರಡು ಹಾಳೆ ಹರಿದು ಹಾಕಿದೆ. ಒಂದರಲ್ಲಿ ಬರೆದ ಸಂಬೋಧನೆ ತೀರ ಹತ್ತಿರದ್ದಾಯಿತು, ಇನ್ನೊಂದರದು ವಕೀಲರ ನೋಟಿಸಿನ ಹಾಗಾಯಿತು. ನೀವು ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿಯ ಕ್ಷೇಮ ಎಂಥದು ಎನ್ನುವುದನ್ನೇ ಬರೆಯಲು ಕೂತಿದ್ದೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನಿಮ್ಮ ದನಿ ಕೇಳಬೇಕಾಗುತ್ತದೆ, ಕೇಳಿದರೆ ನೀವು ಹೇಳಿದ್ದನ್ನು ನಂಬಿಬಿಡುತ್ತೇನೆ. ಮದುವೆಯಾಗಿ ಹದಿನಾರು ವರ್ಷ ಆದದ್ದು ಅದೇ. ಆದ್ದರಿಂದ ಕಾಗದ.

ನಿಮ್ಮಿಂದ ನನಗೆ ಬೇಕಾಗಿರುವುದು ಒಂದೇ. ಆ ದೋಣಿಯ ಸಿನಿಮಾ ನೆನಪಿದೆಯಲ್ಲ, ಅಂಬಿಗ ಮತ್ತು ಅವನ ಮಗಳು ಜನರನ್ನು ಹೊಳೆ ದಾಟಿಸುತ್ತಿರುತ್ತಾರೆ, ಪಕ್ಕದಲ್ಲೇ ಸೇತುವೆ ಏಳುತ್ತಿರುತ್ತದೆ. ಅದರ ಕೊನೆಯನ್ನು ಅಮ್ಮನಿಗೆ ನೀವು ಹೇಗೆ ಹೇಳಿದ್ದಿರೋ ಹಾಗೆಯೇ, ಒಂದು ಮಾತೂ ಬಿಡದೆ ಬರೆದು ಕಳಿಸಿ. ಸಿನಿಮಾದಲ್ಲಿ ಇರುವ ಕೊನೆ ಬೇಡ. ಅದನ್ನು ನಾನು ನೋಡಿಯಾಗಿದೆ.

ಯಾಕೆ ಎಂದು ಹೇಳದೆ ಕೇಳುವುದು ಸರಿಯಲ್ಲ. ಹೇಳುತ್ತೇನೆ.

ನೀವು ಹೋದಮೇಲೆ ಹದಿನಾಲ್ಕು ತಿಂಗಳು ನಾವು ಟಿವಿ ಹಚ್ಚಿರಲಿಲ್ಲ. ಅಮ್ಮ ಕೇಳಲಿಲ್ಲ, ಅವಳು ಕೇಳಲಿ ಎಂದು ನಾನು ಕಾಯಲೂ ಇಲ್ಲ. ಭಾನುವಾರದ ಡ್ಯೂಟಿ ಬಿಡಿಸಿಕೊಂಡು ಮನೆಯಲ್ಲಿರತೊಡಗಿದೆ. ಅವಳ ಕುರ್ಚಿಯ ಪಕ್ಕ ರೇಡಿಯೋ ಇಟ್ಟೆ. ಅವಳು ಅದನ್ನು ಕೇಳುತ್ತಿದ್ದಳೋ ಸಹಿಸುತ್ತಿದ್ದಳೋ ತಿಳಿಯದು. ಫೆಬ್ರವರಿ ಮೊದಲ ಭಾನುವಾರ ಊಟವಾದಮೇಲೆ ತಾನಾಗಿಯೇ ಅಂದಳು, "ಆ ದೋಣಿ ಸಿನಿಮಾ ಇನ್ನೊಂದ್ಸಲ ಹಾಕೇ. ನೀನೇ ಹೇಳು. ಅವರು ಕೆಳಗೆ ಬರೋ ಅಕ್ಷರ ಓದಿ ಹೇಳ್ತಿದ್ರು, ನಿನಗೂ ಓದೋಕೆ ಬರುತ್ತಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ, ತಟ್ಟೆ ತೊಳೆಯುವುದನ್ನೂ ಬಿಟ್ಟು ಬಂದೆ. ಖಾತೆ ಇನ್ನೂ ನಿಮ್ಮ ಹೆಸರಿನಲ್ಲಿದೆ. ಪಾಸ್‌ವರ್ಡನ್ನು ನೀವು ಬದಲಾಯಿಸಿರಲಿಲ್ಲ. ಸಿನಿಮಾ ಬಾಡಿಗೆಗೆ ತೆಗೆದ ಕೂಡಲೇ ನಿಮ್ಮ ಫೋನಿಗೆ ಸಂದೇಶ ಬರುತ್ತದೆ ಎಂದು ಗೊತ್ತಿತ್ತು, ಬರಲಿ ಎಂದುಕೊಂಡೆ. ತೆಗೆದ ಸಿನಿಮಾ ಮೂವತ್ತು ದಿನ ಕಾಯುತ್ತದೆ, ಶುರು ಮಾಡಿದಿರೋ ನಲವತ್ತೆಂಟು ಗಂಟೆಯಲ್ಲಿ ಮಾಯವಾಗುತ್ತದೆ ಎನ್ನುವ ಆ ಸೂಚನೆ ಪರದೆಯ ಮೇಲೆ ಬಂತು. ಓದಿ ಹೇಳಿದೆ. ಅಮ್ಮ, "ನೆಂಟರು ಅಂದ್ರೆ ಹೀಗಿರಬೇಕು. ನಿಮ್ಮತ್ತೆಗೆ ಯಾರಾದ್ರೂ ಈ ನಿಯಮ ಹೇಳಿಕೊಟ್ಟಿದ್ರೆ!" ಅಂದಳು. ಇದು ನೀವಿದ್ದಾಗಿನ ಹಳೆಯ ಹಾಸ್ಯವೇ ಇರಬೇಕು. ನಾನು ಕೇಳಿದ್ದು ಅವತ್ತೇ.

ನಿಮ್ಮಿಬ್ಬರ ಭಾನುವಾರಗಳ ವಿಷಯ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ ಎಂದು ಆ ಮಧ್ಯಾಹ್ನ ತಿಳಿಯಿತು. ನಾನು ಲ್ಯಾಬಿನಲ್ಲಿ ಯಾರದೋ ರಕ್ತವನ್ನು ಯಂತ್ರದಲ್ಲಿ ತಿರುಗಿಸುತ್ತಿದ್ದಾಗ ನೀವು ಇಲ್ಲಿ ಕಣ್ಣು ಕಾಣದ ಅವಳಿಗೆ ಚಿತ್ರ ಹೇಳುತ್ತಿದ್ದಿರಿ; ಸಂಜೆ ಬಂದರೆ ಇಬ್ಬರ ಮುಖವೂ ಯಾವುದೋ ಊರಿಗೆ ಹೋಗಿ ಬಂದವರ ಹಾಗಿರುತ್ತಿತ್ತು. ನಾನು ಶುರು ಮಾಡಿದೆ: "ಒಬ್ಬ ಗಂಡಸು. ಐವತ್ತೈದು ವರ್ಷ ಇರಬಹುದು. ಎಡಗೈಗೆ ಬಟ್ಟೆ ಸುತ್ತಿದ್ದಾನೆ." ಅಮ್ಮ, "ಏನೇ ಇದು, ಪೊಲೀಸರಿಗೆ ಕಂಪ್ಲೇಂಟ್ ಕೊಡ್ತಿದ್ದೀಯಾ?" ಅಂದಳು. ಪರದೆ ಕತ್ತಲಾದಾಗ ನಾನು ಸುಮ್ಮನಿದ್ದೆ. ಆಗ ನೀವು ಏನು ಹೇಳುತ್ತಿದ್ದಿರಿ ಎಂದು ಅವಳೇ ಹೇಳಿಕೊಟ್ಟಳು: "ಈಗ ಪೂರ್ತಿ ಕತ್ತಲು ಅತ್ತೆ, ಈಗ ನೀವೂ ನಾನೂ ಒಂದೇ."

ನೀವು ಯಾವಾಗಲೂ ನಮಗೆ ಗೊತ್ತಿಲ್ಲದ ಭಾಷೆಯ ಸಿನಿಮಾಗಳನ್ನೇ ಆರಿಸುತ್ತಿದ್ದದ್ದು ಯಾಕೆ ಎಂದು ನಾನು ಯೋಚಿಸಿರಲಿಲ್ಲ. ದೊಡ್ಡ ಅಭಿರುಚಿ ಎಂದುಕೊಂಡಿದ್ದೆ. ಗೊತ್ತಿರುವ ಭಾಷೆಯದಾದರೆ ಅವಳು ಕೇಳಿಯೇ ತಿಳಿದುಕೊಳ್ಳುತ್ತಿದ್ದಳು, ನಿಮ್ಮ ಅಗತ್ಯ ಇರುತ್ತಿರಲಿಲ್ಲ, ಅಲ್ಲವೆ?

ಕೊನೆಗೆ ಬಂದೆವು. ಸೇತುವೆ ತೆರೆದ ದಿನ ಅಂಬಿಗ ಒಬ್ಬನೇ ದೋಣಿ ತೆಗೆದುಕೊಂಡು ಹೋಗುತ್ತಾನೆ. ಬೆಳಿಗ್ಗೆ ಮಗಳು ದಡಕ್ಕೆ ಬರುತ್ತಾಳೆ. ಖಾಲಿ ದೋಣಿ ಮರಳಿ ಬಂದಿರುತ್ತದೆ. ಆಮೇಲೆ ನಾಲ್ಕು ನಿಮಿಷ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಯಲ್ಲಿ ಟಕ್, ಟಕ್ ಎಂದು ದೋಣಿ ಗೂಟಕ್ಕೆ ಬಡಿಯುವುದು ಕೇಳಿಸುತ್ತದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಮ್ಮ ಮುಂದಕ್ಕೆ ಬಾಗಿ ಕೂತಿದ್ದಳು. "ಆಮೇಲೆ?" ಅಂದಳು. "ಮುಗೀತಮ್ಮ." "ಎಲ್ಲಿ ಮುಗೀತು? ಬಾಗಿಲು ಬಡೀತಿದ್ದಾನಲ್ಲ, ಕೇಳಿಸ್ತಿಲ್ವಾ? ಸೇತುವೆ ಮೇಲೆ ನಡ್ಕೊಂಡು ಬಂದ, ಒದ್ದೆ ಚಪ್ಪಲಿ ಹೊರಗೆ ಬಿಟ್ಟ, ಒಳಗೆ ಬಂದ. ಅದನ್ನ ಹೇಳು."

"ಅಂಥದ್ದೇನೂ ಇಲ್ಲ" ಅಂದೆ. "ಅದು ಬಾಗಿಲಲ್ಲ, ದೋಣಿ. ಅವನು ಸತ್ತ."

ನೀವು ನನ್ನ ಎದುರು ಇದ್ದಿದ್ದರೆ ನಾನು ನಿಮ್ಮನ್ನೇ ಬೈಯುತ್ತಿದ್ದೆ. ನೀವಿರಲಿಲ್ಲ, ಅಮ್ಮ ಇದ್ದಳು. ಅವರು ಸುಳ್ಳು ಹೇಳಿದ್ದಾರೆ, ಇದರಲ್ಲೂ ಸುಳ್ಳು ಹೇಳಿದ್ದಾರೆ ಎಂದು ನಾನು ಎದ್ದು ನಿಂತು ಹೇಳಿದೆ. ಅವಳು ಸೆರಗಿನ ತುದಿ ಹಿಂಡುತ್ತ, "ಹಾಗಾದ್ರೆ ಉಳಿದವು?" ಅಂದಳು.

ಆಗ ನಾನು ಮಾಡಿದ್ದನ್ನು ನಿಮಗೆ ತಿಳಿಸಲೇಬೇಕು. ಲ್ಯಾಬಿನಲ್ಲಿ ಒಂದು ರಿಪೋರ್ಟು ತಪ್ಪೆಂದು ಗೊತ್ತಾದರೆ ಆ ದಿನ ಆ ಯಂತ್ರದಿಂದ ಹೋದ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಇಪ್ಪತ್ತೆರಡು ವರ್ಷದಿಂದ ನನಗೆ ಗೊತ್ತಿರುವ ರೀತಿ ಅದೊಂದೇ. ನೀವು ಬಾಡಿಗೆಗೆ ತೆಗೆದ ಸಿನಿಮಾಗಳ ಪಟ್ಟಿ ಖಾತೆಯಲ್ಲಿ ಹಾಗೇ ಇದೆ, ಒಂದೊಂದಕ್ಕೂ ಒಂದು ಸಣ್ಣ ಚಿತ್ರ. ಅರವತ್ತೊಂದು. ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಒಂದೊಂದನ್ನೇ ಮತ್ತೆ ತೆಗೆದು, ಕೊನೆಯ ಇಪ್ಪತ್ತು ನಿಮಿಷಕ್ಕೆ ಓಡಿಸಿ, ಇರುವುದನ್ನು ಇರುವ ಹಾಗೆ ಅವಳಿಗೆ ಹೇಳಿದೆ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ಸುಮಾರು ಮೂರು ವಾರ ಹಿಡಿಯಿತು.

ಗಡಿಯಾರ ರಿಪೇರಿಯವನು ಜೈಲಿನಿಂದ ಬರುವುದಿಲ್ಲ. ಅವಳಿ ಅಕ್ಕತಂಗಿಯರಲ್ಲಿ ಚಿಕ್ಕವಳು ಬದುಕುವುದಿಲ್ಲ. ನೀವು ಇಬ್ಬರಿಗೂ ಹೊಲಿಗೆ ಅಂಗಡಿ ಹಾಕಿಸಿಕೊಟ್ಟಿದ್ದಿರಂತೆ. ಹಿಮದಲ್ಲಿ ಕಳೆದುಹೋದ ನಾಯಿ ಸಿಗುವುದಿಲ್ಲ. ನಾಯಿಯನ್ನೂ ಬಿಟ್ಟಿರಲಿಲ್ಲ ನೀವು! ಅರವತ್ತೊಂದರಲ್ಲಿ ನೀವು ಕೈ ಹಾಕದೆ ಉಳಿಸಿದ್ದು ಒಂಬತ್ತು. ಅಮ್ಮ ಪ್ರತಿ ಸಲ "ಸರಿ, ಮುಂದಿನದು" ಅನ್ನುತ್ತಿದ್ದಳು. ಬೇಡ ಎಂದು ಒಂದು ಸಲವೂ ಅನ್ನಲಿಲ್ಲ. ಅವಳಿಗೆ ನಿಜ ಬೇಕಾಗಿದೆ ಎಂದು ನಾನು ತಿಳಿದೆ. ನನಗೆ ಬೇಕಾಗಿತ್ತು ಅಷ್ಟೆ. ಒಂದೊಂದು ಸುಳ್ಳು ಸಿಕ್ಕಾಗಲೂ ನಿಮ್ಮನ್ನು ಹೊರಗೆ ಹಾಕಿದ್ದು ಸರಿ ಎಂದು ಇನ್ನೊಂದು ಸಾಕ್ಷಿ ಸಿಕ್ಕ ಹಾಗಾಗುತ್ತಿತ್ತು.

ಕೊನೆಯದು ಮುಗಿದ ದಿನ ಅಮ್ಮ, "ಅಷ್ಟು ಜನಾನೂ ಹೋದ್ರಾ?" ಎಂದು ಕೇಳಿದಳು. ನಾನು ಹೂಂ ಅಂದೆ. "ನನ್ನ ಕುರ್ಚಿ ತಿರುಗಿಸಿಬಿಡು" ಅಂದಳು.

ತಿರುಗಿಸಿದೆ. ಈಗ ಅವಳ ಮುಖ ಗೋಡೆಗಿದೆ. ಕಾಣದವಳಿಗೆ ಯಾವ ಕಡೆಯಾದರೇನು ಎಂದು ನೀವು ಕೇಳುವುದಿಲ್ಲ, ಗೊತ್ತು. ಎರಡು ಚಮಚ ಗಂಜಿ, ಅರ್ಧ ಲೋಟ ಚಹಾ. ಕರೆದರೆ ಓಗೊಡುತ್ತಾಳೆ, ತಾನಾಗಿ ಮಾತಿಲ್ಲ. "ನಾನೇ ತಪ್ಪು ನೋಡಿದ್ದೆ ಅಮ್ಮ, ಕೊನೆಯಲ್ಲಿ ಅವನು ಬರ್ತಾನೆ" ಎಂದೂ ಹೇಳಿ ನೋಡಿದೆ. "ಇರಲಿ ಬಿಡು" ಅಂದಳು, ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವ ಹಾಗೆ.

ಕಣ್ಣಿನ ವಿಷಯವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದ ಅರ್ಧ ಆಗುತ್ತದೆ. ನೀವು ಹೋದ ದಿನ, ಅಮ್ಮನ ಕಣ್ಣಿನ ಡಾಕ್ಟರು ತಮ್ಮ ಸಕ್ಕರೆ ಪರೀಕ್ಷೆಗೆಂದು ನಮ್ಮ ಲ್ಯಾಬಿಗೇ ಬಂದು ತೋಳು ಚಾಚಿ ಕೂತು, "ತಾಯಿಯವರನ್ನ ಯಾಕೆ ಕರ್ಕೊಂಡು ಬರ್ಲಿಲ್ಲ? ಮೂರು ತಿಂಗಳೊಳಗೆ ಆಪರೇಷನ್ ಆಗಿದ್ರೆ ಒಂದು ಕಣ್ಣಾದ್ರೂ ಉಳೀತಿತ್ತು ಅಂತ ನಿಮ್ಮ ಯಜಮಾನರಿಗೆ ಹೇಳಿದ್ದೆನಲ್ಲ" ಎಂದಾಗ ನನ್ನ ಕೈಯಲ್ಲಿ ಸೂಜಿ ಇತ್ತು. ಚುಚ್ಚಿ ರಕ್ತ ತೆಗೆದೆ. ಮನೆಗೆ ಬಂದು ನಿಮ್ಮನ್ನು ಕೇಳಿದೆ. ಡಾಕ್ಟರು ಕೈಚೆಲ್ಲಿದರು ಎಂದು ನನಗೆ ಹೇಳಿದ್ದು ಸುಳ್ಳೇ ಎಂದು ಕೇಳಿದೆ. ನೀವು ಹೌದು ಅಂದಿರಿ. ಯಾಕೆ ಎಂದು ಕೇಳಿದೆ. ನೀವು ಟೂಲ್ ಬ್ಯಾಗನ್ನು ನೋಡುತ್ತ ನಿಂತಿರಿ. ಅದನ್ನೇ ನಿಮ್ಮ ಕೈಗೆ ಕೊಟ್ಟು ಬಾಗಿಲು ತೆರೆದೆ.

ನೀವು ಹೋದ ಮೂರನೇ ತಿಂಗಳು, ತಲೆ ಬಾಚುವಾಗ, ಅಮ್ಮ ತಾನೇ ಹೇಳಿದಳು. "ಕಣ್ಣಿಗೆ ಕತ್ತಿ ಹಾಕಿಸ್ಕೊಳಲ್ಲ, ಅವಳಿಗೆ ಹೇಳಿದ್ರೆ ಎಳ್ಕೊಂಡು ಹೋಗ್ತಾಳೆ, ಹೇಳ್ಬೇಡಿ ಅಂತ ನಾನೇ ಅವರ ಕೈ ಹಿಡ್ಕೊಂಡೆ ಕಣೇ. ನನ್ನ ಮೇಲೆ ಆಣೆ ಹಾಕಿಸ್ಕೊಂಡೆ." ಕೂದಲು ನನ್ನ ಕೈಯಲ್ಲೇ ಇತ್ತು. ಜಡೆ ಹಾಕಿ ಮುಗಿಸಿದೆ.

ಅಂದರೆ ಹನ್ನೆರಡು ತಿಂಗಳಿಂದ ನನಗೆ ಗೊತ್ತು. ಗೊತ್ತಿದ್ದೂ ನಿಮಗೆ ಹೇಳಿ ಕಳಿಸಲಿಲ್ಲ. ಆಣೆ ಹಾಕಿಸಿಕೊಂಡರೂ ನೀವು ನನಗೆ ಹೇಳಬೇಕಿತ್ತು, ಒಂದು ಕಣ್ಣು ಕಡಿಮೆ ಮಾತಲ್ಲ, ಎಂದು ದಿನಾ ನನಗೆ ನಾನೇ ಹೇಳಿಕೊಂಡೆ. ಈಗಲೂ ಅದು ನಿಜ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಲು ಬರುತ್ತದೆಯೋ ತಿಳಿಯದು. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ನಾನು ಸರಿ ಎನ್ನುವುದೊಂದೇ ಈ ಮನೆಯಲ್ಲಿ ನನಗೆ ಒರಗಲು ಉಳಿದಿದ್ದ ಗೋಡೆ. ನೀವು ಬಂದರೆ ಅದೂ ಹೋಗುತ್ತಿತ್ತು.

ಬನ್ನಿ ಎಂದು ಕರೆಯುತ್ತಿಲ್ಲ. ವರ್ಕ್‌ಶಾಪಿನ ಮೇಲಿನ ಆ ರೂಮಿಗೆ ನೀವು ಒಗ್ಗಿಕೊಂಡಿದ್ದೀರಿ ಎಂದು ಯಾರೋ ಹೇಳಿದರು. ಆ ಕೊನೆಯ ನಾಲ್ಕು ನಿಮಿಷದ ಮಾತುಗಳನ್ನು ಬರೆದು ಕಳಿಸಿದರೆ ಸಾಕು. ಸೇತುವೆಯ ಮೇಲೆ ಅವನು ಹೇಗೆ ನಡೆದ, ನಿಂತನೇ, ಹಿಂತಿರುಗಿ ನೋಡಿದನೇ, ಚಪ್ಪಲಿ ಬಿಟ್ಟದ್ದು ಬಾಗಿಲು ಬಡಿಯುವ ಮೊದಲೋ ಆಮೇಲೋ. ನಾನು ಬಾಯಿಪಾಠ ಮಾಡಿಕೊಂಡು ಅವಳಿಗೆ ಹೇಳುತ್ತೇನೆ.

ಇಂತಿ,
ಭಾನುವಾರಗಳಂದು ಮನೆಯಲ್ಲಿರದಿದ್ದವಳು

ಮತ್ತೆ: ಒಂದು ವಿಷಯ ಮೇಲೆ ಬರೆಯದೆ ಬಿಟ್ಟೆ. ಶುಕ್ರವಾರ ಅಮ್ಮನ ರಕ್ತ ತೆಗೆದು ಲ್ಯಾಬಿಗೆ ಒಯ್ದೆ. ನಾನೇ ಎರಡು ಸಲ ಪರೀಕ್ಷೆ ಮಾಡಿದೆ, ಮೂರನೆಯ ಸಲ ಬೇರೆಯವರ ಕೈಯಲ್ಲಿ ಮಾಡಿಸಿದೆ. ಅಂಕಿಗಳು ಬದಲಾಗಲಿಲ್ಲ. ಡಾಕ್ಟರು ಅದನ್ನು ನೋಡಿ ತಿಂಗಳುಗಳ ಮಾತೇ ಎತ್ತಲಿಲ್ಲ, ಇನ್ನು ಕೆಲವೇ ವಾರ ಅಂದರು. ಮನೆಗೆ ಬಂದಾಗ ಅಮ್ಮ, "ಏನು ಬಂತು?" ಅಂದಳು. "ಎಲ್ಲಾ ಸರಿಯಾಗಿದೆ, ಸ್ವಲ್ಪ ನಿಶ್ಶಕ್ತಿ ಅಷ್ಟೆ" ಅಂದೆ. ಇಷ್ಟು ವರ್ಷದಲ್ಲಿ ನಾನು ತಿದ್ದಿದ ಮೊದಲ ರಿಪೋರ್ಟು. ಅಮ್ಮ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. ಕುರ್ಚಿ ತಿರುಗಿಸಿದ ದಿನದಿಂದ ಮೊದಲ ಬಾರಿ ನಕ್ಕಳು. "ಬಿಡೇ, ನಿನಗೆ ಅದು ಬರಲ್ಲ. ಲಿಫ್ಟಿನವರು ಹೇಳಿದ್ರೆ, ಸುಳ್ಳು ಅಂತ ಗೊತ್ತಿದ್ರೂ ಇನ್ನಷ್ಟು ಕೇಳ್ಬೇಕು ಅನ್ನಿಸೋದು."

ಕೊನೆಯನ್ನು ಬರೆದು ಕಳಿಸಬೇಡಿ. ನಾನು ಹೇಳಿದರೆ ಅವಳಿಗೆ ತಿಳಿದುಬಿಡುತ್ತದೆ. ದೋಣಿಯ ಸಿನಿಮಾವನ್ನು ಇವತ್ತು ಮತ್ತೆ ಬಾಡಿಗೆಗೆ ತೆಗೆದಿದ್ದೇನೆ. ನಿಮ್ಮ ಫೋನಿಗೆ ಸಂದೇಶ ಬಂದಿರಬೇಕು. ಶುರು ಮಾಡಿಲ್ಲ. ಸಿನಿಮಾಕ್ಕೆ ಇನ್ನೂ ಮೂವತ್ತು ದಿನ ಇದೆ.