ಬೆಲ್ಟಿನಲ್ಲಿ ತಲೆಕೆಳಗಾಗಿ

ಅಮ್ಮಾ,

ನಿನ್ನೆ ನಾನು ಹಾರಿಸುತ್ತಿದ್ದ ಗ್ಲೈಡರ್ ಉತ್ತ ಹೊಲದಲ್ಲಿ ಇಳಿಯುವಾಗ ಮಗುಚಿ ಬಿತ್ತು. ನನಗೇನೂ ಆಗಿಲ್ಲ, ಹೆಗಲ ಮೂಳೆ ಸ್ವಲ್ಪ ಬಿರುಕು ಬಿಟ್ಟಿದೆ ಅಷ್ಟೆ. ಸೀಟಿನ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆ. ನನ್ನ ಕೈ ಸುಮ್ಮನಿರುವ ಜಾತಿಯದಲ್ಲ, ನಿನಗೇ ಗೊತ್ತು. ಬೆಲ್ಟ್ ಬಿಚ್ಚಲು ಹೋಯಿತು. ಅಷ್ಟರಲ್ಲಿ ನಮ್ಮ ಗ್ಲೈಡಿಂಗ್ ಕ್ಲಬ್ಬಿನ ಮೆಕ್ಯಾನಿಕ್ ಅಣ್ಣ ಪಕ್ಕದ ಮೈದಾನದಿಂದ ಓಡಿ ಬಂದರು.

"ಬಿಚ್ಬೇಡ ಕಣೋ. ಬಿಚ್ಚಿದ್ರೆ ತಲೆ ಮೇಲೆ ಬೀಳ್ತೀಯ, ಕತ್ತು ಮುರಿಯತ್ತೆ."

"ಎಷ್ಟೊತ್ತು ಅಂತ ಹಿಂಗಿರ್ಲಿ ಅಣ್ಣ?"

"ಬಾವಲಿ ದಿನಾ ಹಿಂಗೇ ಇರತ್ತೆ, ಯಾರ ಹತ್ರಾನೂ ಗೊಣಗಲ್ಲ."

ಅವರು ಒಳಗೆ ತೂರಿ, ನನ್ನ ಭಾರವನ್ನೆಲ್ಲ ಬೆನ್ನ ಮೇಲೆ ಹೊತ್ತ ಮೇಲೆಯೇ ಬೆಲ್ಟ್ ಬಿಚ್ಚಿಸಿದರು. ಆಂಬುಲೆನ್ಸ್ ಬರುವವರೆಗೆ ನನ್ನ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮಣ್ಣಿನಲ್ಲೇ ಕೂತಿದ್ದರು.

ಈಗ ಆಸ್ಪತ್ರೆಯಲ್ಲಿದ್ದೇನೆ. ಕತ್ತಿಗೆ ಪಟ್ಟಿ ಕಟ್ಟಿದ್ದಾರೆ, ಮಲಗಿದರೆ ಬರೀ ಚಾವಣಿ ಕಾಣುತ್ತದೆ. ಸಂಜೆ ಅಣ್ಣ ಹೊರಡಲು ಎದ್ದಾಗ "ಒಂಚೂರು ಕೂತ್ಕೊಳ್ಳಿ" ಅಂದುಬಿಟ್ಟೆ. ನಿನ್ನ ಕೊನೆಯ ದಿನಗಳಲ್ಲಿ ಮಂಚದ ಮೇಲಿಂದ ನೀನು ನನಗೆ ಹೇಳುತ್ತಿದ್ದ ಮಾತು ಅದು. ನಾನು ಬೈಕಿನ ಕೀ ಹುಡುಕುತ್ತಾ "ಈಗ ಬಂದೆ" ಅನ್ನುತ್ತಿದ್ದೆ.

ಅಣ್ಣ ಚೀಲ ಕೆಳಗಿಟ್ಟು ಕೂತರು.