ಒಡೆದ ಇಬೋಸ್ ಯಾರ ಪಾಲು

ಗಿಂಬಾಲ್, ಇಲೊಯಿಲೊ
ಬುಧವಾರ, ೧೪ ಜೂನ್ ೨೦೦೬

ಪ್ರೀತಿಯ ತೋತೋ ಗಾರಿಯೊ,

ಹೇಗಿದ್ದೀಯ? ಸಮುದ್ರದಲ್ಲಿ ಮುಳುಗು ಹಾಕಿ ಹಾಕಿ ಸೋರುತ್ತಿದ್ದ ನಿನ್ನ ಎಡಗಿವಿ ಈಗ ಹೇಗಿದೆ? ಹಡಗು ರಿಪೇರಿಯ ಕಡೆ ಕೆಲಸವಂತೆ, ದಿನವಿಡೀ ಕಬ್ಬಿಣ ಬಡಿಯುವ ಸದ್ದು ಇರುತ್ತದೆ, ಕಿವಿಗೆ ಹತ್ತಿ ಇಟ್ಟುಕೊ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನಿನಗೆ ಅನ್ನ ಬಡಿಸುವ ವಿಲ್ಮಾ ಚೆನ್ನಾಗಿದ್ದಾಳೆಯೆ? ನಾನು ನೋಡದ ಆ ಹೆಣ್ಣುಮಗಳ ಹೆಸರನ್ನು ಅಮ್ಮ ದಿನವೂ ಜಪಮಾಲೆಯ ಕೊನೆಗೆ ಸೇರಿಸುತ್ತಾಳೆ. ಅಮ್ಮನ ಕಣ್ಣು ಪೂರ್ತಿ ಹೋಗಿದೆ ಕಣಪ್ಪ, ಮಿಕ್ಕಿದ್ದೆಲ್ಲ ಗಟ್ಟಿ, ನಾಲಿಗೆ ಮೊದಲಿಗಿಂತ ಗಟ್ಟಿ. ನಿನ್ನ ಚಿಕ್ಕಕ್ಕ ಪುರಿಂಗ್‌ಗೆ ಸಕ್ಕರೆ ಕಾಯಿಲೆ. ಮಾವಿನಹಣ್ಣು ಕಂಡಾಗ ಮಾತ್ರ ಅವಳಿಗೆ ಅದು ಮರೆತುಹೋಗುತ್ತದೆ. ನನಗೆ ಮಂಡಿ ನೋವು, ಹೇಳಿಕೊಳ್ಳುವಂಥದ್ದಲ್ಲ.

ನೀನು ಬದುಕಿದ್ದೀಯ ಎಂದು ನಮಗೆ ಗೊತ್ತಾದದ್ದೇ ವಿಲ್ಮಾಳಿಂದ. ನಾನು ಇಂಟರ್‌ನೆಟ್ಟಿನಲ್ಲಿ ನಿನ್ನ ಹೆಸರು, ಅಮ್ಮನ ಫೋಟೊ, ನಮ್ಮ ಮನೆಯ ನಾಲ್ಕು ಮಾತು ಹಾಕಿ ಒಂದು ಪುಟ ಮಾಡಿದ್ದೆನಲ್ಲ, ಅದರ ಕೊನೆಯಲ್ಲಿ ಬಂದವರು ಏನಾದರೂ ಬರೆದು ಹೋಗಲಿ ಎಂದು ಜಾಗ ಬಿಟ್ಟಿದ್ದೆ. ಅಲ್ಲಿ ಅವಳು ಬರೆದಿದ್ದಳು: "ನಾಂಗ್ ಸೋರಿಂಗ್, ಈ ಮನುಷ್ಯ ಪ್ರತಿ ಭಾನುವಾರ ನನ್ನ ಕಂಪ್ಯೂಟರಲ್ಲಿ ನಿಮ್ಮ ಪುಟ ತೆಗೆಸ್ತಾರೆ. ಅಮ್ಮನ ಫೋಟೊ ನೋಡ್ತಾರೆ, ಒಂದಕ್ಷರ ಬರೆಯಲ್ಲ, ಅನ್ನ ತಿಂದು ಹೋಗ್ತಾರೆ." ಓದಿ ಹೇಳಿದಾಗ ಅಮ್ಮ ಅಳಲಿಲ್ಲ. "ಎರಡನೇ ಸಲ ಬಡಿಸ್ಕೊಂಡ್ನಾ, ಕೇಳು ಆ ಡಬ್ಬೀನ" ಎಂದಳು. ಅಂದಿನಿಂದ ಭಾನುವಾರ ಊಟವಾದ ಮೇಲೆ ಅವಳು ತನ್ನ ನೀಲಿ ಗೌನು ತೊಟ್ಟು, ತಲೆ ಬಾಚಿಸಿಕೊಂಡು, ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ನೀನು ನೋಡುವುದು ಹಳೆಯ ಫೋಟೊ ಎಂದು ಎಷ್ಟು ಹೇಳಿದರೂ ಕೇಳಳು. "ನೋಡೋವಾಗ ನಾನು ನೆಟ್ಟಗಿರ್ಬೇಡ್ವೇನೇ?" ಎಂದು ನನಗೇ ಗದರುತ್ತಾಳೆ.

ಇನ್ನೊಂದು ಮಾತು, ಮರೆಯುವ ಮೊದಲು. ಕೇಳದೆ ಒಯ್ದ ದೋಣಿ ಬಿರುಗಾಳಿಗೆ ಸಿಕ್ಕಿ ಒಡೆಯಿತೆಂದು ನೀನು ಅಪ್ಪನ ಮುಖ ನೋಡದೆ ಅತ್ತಲಿಂದತ್ತಲೇ ಮನಿಲಾ ಹಡಗು ಹತ್ತಿದೆಯಲ್ಲ, ಆ ಬೆಳಿಗ್ಗೆ ದಡದಲ್ಲಿ ಹಲಗೆಗಳನ್ನು ನೋಡಿದ ಅಪ್ಪ ಕೇಳಿದ್ದು ಒಂದೇ: "ದೋಣಿ ಹಾಳಾಗ್ಲಿ, ಹುಡುಗ ಎಲ್ಲಿ?" ಸಾಯುವವರೆಗೂ ಅದನ್ನೇ ಕೇಳಿದ.

ಈಗ ನನ್ನ ಗೋಳು ಕೇಳು. ಇಂಟರ್‌ನೆಟ್ಟಿನಲ್ಲಿ ಪುಟ ಇಡಲು ಜಾಗ ಬೇಕು. ಬ್ಯಾಂಕಿನ ಕಾರ್ಡು ಇದ್ದವರು ಬಾಡಿಗೆ ಕಟ್ಟುತ್ತಾರೆ, ನನ್ನಂಥ ಇಬೋಸ್ ಕಡುಬು ಮಾರುವವಳಿಗೆ ಯಾವ ಕಾರ್ಡು? ಒಂದು ಕಡೆ ಬಿಟ್ಟಿ ಜಾಗ ಕೊಡುತ್ತಾರೆ, ಆದರೆ ಅವರ ಫೋರಂನಲ್ಲಿ ದಿನವೂ ಏನಾದರೂ ಬರೆಯಬೇಕು. ಅದೊಂದು ದೊಡ್ಡ ಜಗಲಿ ಅಂದುಕೊ, ನಾನಾ ದೇಶದವರು ಕೂತು ನಾಯಿ, ಬೆಕ್ಕು, ಅಡುಗೆ, ಕಂಪ್ಯೂಟರು ಎಂದು ಹರಟುತ್ತಾರೆ. ಒಳ್ಳೆಯ ಮಾತು ಬರೆದರೆ ಅಂಕ. ಬೆಳಗಾದರೆ ಒಂದು ಅಂಕ ಕಳೆಯುತ್ತಾರೆ. ಅಂಕ ಮುಗಿದರೆ ಪುಟಕ್ಕೆ ಬೀಗ; ಅಲ್ಲಿಂದಲೂ ಬಹಳ ಕೆಳಗಿಳಿದರೆ ಪುಟ ಅಳಿಸಿಯೇ ಬಿಡುತ್ತಾರೆ. ಹೀಗಾಗಿ ಸಂತೆಯಲ್ಲಿ ಬುಟ್ಟಿ ಖಾಲಿಯಾದ ಕೂಡಲೇ ಪಕ್ಕದ ಮೆರ್ಲಿಂಡಾಳ ಇಂಟರ್‌ನೆಟ್ ಅಂಗಡಿಗೆ ಹೋಗಿ, ಹರಕು ಇಂಗ್ಲಿಷಿನಲ್ಲಿ, ಒಂದು ಬೆರಳಿನಿಂದ ಕುಟ್ಟುತ್ತಿದ್ದೆ. "ನಾಂಗ್, ಊರಿಗೆಲ್ಲ ಇಬೋಸ್ ಮಾರಿದ್ದು ಸಾಲ್ದು ಅಂತ ಈಗ ಲೋಕಕ್ಕೆಲ್ಲ ಮಾತು ಮಾರ್ತೀರಾ?" ಎಂದು ಅವಳು ನಗುತ್ತಿದ್ದಳು.

ಮೊದಲು ತಪ್ಪಿದ್ದು ಎಲ್ಲಿ ಗೊತ್ತೆ? ನಮ್ಮಲ್ಲಿ ನೆರೆಮನೆಯವರು ತಟ್ಟೆ ತುಂಬಿ ಕಳಿಸಿದರೆ ಖಾಲಿ ತಟ್ಟೆ ವಾಪಸು ಕಳಿಸುವುದುಂಟೆ? ಏನೂ ಇಲ್ಲದಿದ್ದರೆ ಎರಡು ಕಲಮಾನ್ಸಿ ನಿಂಬೆಯನ್ನಾದರೂ ಇಡುತ್ತೇವೆ. ಹಾಗೆಯೇ ನನಗೆ ಉತ್ತರ ಕೊಟ್ಟ ಒಬ್ಬೊಬ್ಬರಿಗೂ "ನಿಮಗೆ ಒಳ್ಳೆಯದಾಗಲಿ, ಮನೆಯವರನ್ನು ಕೇಳಿದೆನೆಂದು ಹೇಳಿ" ಎಂದು ಬರೆದೆ. ಅಂಕಕ್ಕಾಗಿ ಪೊಳ್ಳು ಮಾತು ತುಂಬುತ್ತಿದ್ದಾಳೆ ಎಂದುಕೊಂಡರು! ಜಗಲಿ ಕಾಯುವವನು ಒಬ್ಬ ಇದ್ದಾನೆ, ಯಾವ ದೇಶದವನೋ, ತುಕ್ಕುಲಂಗರು ಎಂದು ಹೆಸರಿಟ್ಟುಕೊಂಡಿದ್ದಾನೆ. "ಅಜ್ಜಿ, ಸುಮ್ಮನೆ ಹಾರೈಸಬೇಡಿ, ಏನಾದರೂ ವಿಷಯ ಬರೆಯಿರಿ" ಎಂದ. ಬಡವಳ ಹಾರೈಕೆಯೂ ಬೇಡವಾಯಿತೆ ಎಂದು ಮುಖ ಸಣ್ಣಗಾಯಿತು. ಆದರೂ ವಿಷಯ ತಾನೆ ಬೇಕು, ಇರಲಿ ಎಂದು ನಮ್ಮ ಪುಟದಲ್ಲಿ ಮೊದಲೇ ಬರೆದಿದ್ದ ಇಬೋಸಿನ ಕಥೆಯನ್ನೇ ಜಗಲಿಯಲ್ಲೂ ಬರೆದೆ: ತೆಂಗಿನ ಎಳೆ ಗರಿ ಸುರುಳಿ ಸುತ್ತುವುದು, ಕಾಯಿಹಾಲಿನಲ್ಲಿ ನೆನೆದ ಅಂಟಕ್ಕಿ ತುಂಬುವುದು, ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿ ಬಿಗಿಯುವುದು. ಕೊನೆಯಲ್ಲಿ ನಿನ್ನ ವಿಷಯವಿತ್ತಲ್ಲ, ಅದನ್ನು ಮಾತ್ರ ಬಿಟ್ಟೆ. ಅದು ಜಗಲಿಗಲ್ಲ, ನಿನಗೆ.

ಮರುದಿನ ಹೋದರೆ ನನ್ನ ಹೆಸರಿನ ಮುಂದೆ ಕಳ್ಳಿ ಎಂಬ ಮುದ್ರೆ. ಯಾವುದೋ ಅಡುಗೆಯ ಪುಟದವರು ನನ್ನ ಆ ಮಾತುಗಳನ್ನು ಯಾವಾಗಲೋ ಎತ್ತಿಕೊಂಡು, ಹೆಸರಿಲ್ಲದೆ ತಮ್ಮಲ್ಲಿ ಹಾಕಿಕೊಂಡಿದ್ದಾರೆ. ನಾನೇ ಅಲ್ಲಿಂದ ಕದ್ದೆನೆಂದು ಇದ್ದಬದ್ದ ಅಂಕವೆಲ್ಲ ದಂಡ. ನಮ್ಮ ಪುಟಕ್ಕೆ ಬೀಗ ಬಿತ್ತು, ಗಾರಿಯೊ. ನನ್ನ ಪುಟ ನೋಡಿ, ಮೊದಲು ಬರೆದವಳು ನಾನೇ ಎಂದು ಬರೆದೆ. "ಅದು ಮುಚ್ಚಿದೆಯಲ್ಲ, ಅಜ್ಜಿ, ನೋಡುವುದು ಹೇಗೆ?" ಎಂದ ತುಕ್ಕುಲಂಗರು. ಮುಚ್ಚಿದವರು ನೀವೇ ಅಲ್ಲವೇನಪ್ಪ ಎಂದರೆ, ಬೀಗದ ಕೈ ತನ್ನ ಬಳಿ ಇಲ್ಲ, ಯಜಮಾನ ಊರಲ್ಲಿಲ್ಲ ಎನ್ನುತ್ತಾನೆ. ಕೆಟ್ಟವನಲ್ಲ. ಆದರೆ ಕಟ್ಟಳೆಗೆ ಕಟ್ಟುಬಿದ್ದವನು.

ಮೆರ್ಲಿಂಡಾ ಸಾಕ್ಷಿ ಬರೆದಳು, ಪುರಿಂಗ್ ಬರೆದಳು, ಮೀನು ಮಾರುವ ಲೂಸಿಂಗ್ ಕೂಡ ಕೈ ಒರೆಸಿಕೊಂಡು ಬಂದು ಬರೆಸಿದಳು. "ಇವೆಲ್ಲ ಒಂದೇ ಅಂಗಡಿಯಿಂದ ಬಂದಿವೆ. ನೀವೊಬ್ಬರೇ ಮೂರು ಹೆಸರಿನಲ್ಲಿ ಬರೆದಂತಿದೆ" ಎಂದುಬಿಟ್ಟ. ಊರಿಗೆ ಇರುವುದೇ ಒಂದು ಅಂಗಡಿ, ಇದನ್ನು ಅವನಿಗೆ ಹೇಗೆ ತಿಳಿಸಲಿ? ದಿನವೂ ಹೋಗಿ ಒಣಮೀನಿನ ವಿಷಯ, ಬಿರುಗಾಳಿಗೆ ಮಾಡು ಕಟ್ಟುವ ವಿಷಯ ಬರೆಯುತ್ತೇನೆ; ಕಳ್ಳಿಯ ಮಾತಿಗೆ ಅಂಕ ಕೊಡುವಾಗ ಅವರ ಕೈ ಬಿಗಿ. ಬೆಳಗಾದರೆ ಮತ್ತೆ ಒಂದು ಇಳಿಯುತ್ತದೆ. ರೆಪ್ಪೆಗೆ ರೆಪ್ಪೆ ಅಂಟುತ್ತಿಲ್ಲ. ಅಮ್ಮನಿಗೆ ಹೇಳಿಲ್ಲ. ಬರುವ ಭಾನುವಾರ ಅವಳು ನೀಲಿ ಗೌನು ತೊಟ್ಟು ಕೂತಾಗ ಅತ್ತ ನೀನು ಪುಟ ತೆಗೆಸುತ್ತೀಯ, ಮುಚ್ಚಲಾಗಿದೆ ಎಂಬ ಎರಡು ಸಾಲು ಕಾಣುತ್ತದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೆ? ನಮ್ಮವರೂ ಕೊನೆಗೆ ಬಾಗಿಲು ಹಾಕಿಕೊಂಡರು ಎಂದು, ಅನ್ನವನ್ನೂ ಮುಟ್ಟದೆ ಎದ್ದು ಹೋಗುತ್ತೀಯ. ಹಾಗಲ್ಲಪ್ಪ. ಮುಚ್ಚಿದ್ದು ಪುಟ, ಮನೆಯಲ್ಲ.

ಆ ಪುಟ ಬಿಟ್ಟರೆ ವಿಲ್ಮಾಳಿಗೆ ಸುದ್ದಿ ಮುಟ್ಟಿಸಲು ನನಗೆ ಬೇರೆ ದಾರಿಯಿಲ್ಲ, ಅದಕ್ಕೇ ಈ ಕಾಗದವನ್ನು ಲೂಸಿಂಗಳ ಅಳಿಯ ಹೆರ್ಮೀನಿಯೊ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ವಿಮಾನ ಹತ್ತುತ್ತಾನೆ, ಹಡಗು ಸೇರುವುದು ನೀನಿರುವ ಗ್ರೀಸಿನ ಪಿರೇಯಸ್ ಬಂದರಿನಲ್ಲೇ. ಭಾನುವಾರದ ಪೂಜೆಗೆ ಹೋಗಿ ವಿಲ್ಮಾಳನ್ನು ಹುಡುಕಿ ಕೊಡುತ್ತೇನೆಂದು ಅಮ್ಮನ ಕೈ ಮುಟ್ಟಿ ಹೇಳಿದ್ದಾನೆ. ಅವನ ಚೀಲದಲ್ಲಿ ಪುರಿಂಗ್ ಸುಟ್ಟ ಬಿಸ್ಕೋಚೊ ರಸ್ಕು ಇದೆ, ವಿಲ್ಮಾಳಿಗೂ ಕೊಡು. ತಟ್ಟೆ ಖಾಲಿ ಹೋಗಬಾರದು.

ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟಂತೆ ತಿಳಿ.

ನಿನ್ನ ಅಕ್ಕ,
ಸೋರಿಂಗ್

ಮರೆತೆ: ಹೆರ್ಮೀನಿಯೊ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಆ ತುಕ್ಕುಲಂಗರು ಒಂದು ದಾರಿ ಹೇಳಿದ. ಅಡುಗೆ ಪುಟದವರು ಕದಿಯುವಾಗ ಕಥೆಯ ಕೊನೆಯನ್ನು ಬಿಟ್ಟಿದ್ದಾರೆ. ಆ ಕೊನೆ ಏನೆಂದು ನಾನು ಅವನೊಬ್ಬನಿಗೇ ಗುಟ್ಟಾಗಿ ಬರೆದಿದ್ದೇನೆ. ನಮ್ಮ ಪುಟ ಓದಿದ್ದ ಯಾರಾದರೂ ಬೇರೆ ಊರಿನಿಂದ ಅದನ್ನೇ ಬರೆದರೆ ನಂಬುತ್ತಾನಂತೆ, ದಂಡ ತೆಗೆಯುತ್ತಾನಂತೆ; ಅಂಕ ಮರಳಿದರೆ ಬೀಗ ತಾನಾಗಿಯೇ ಬಿಡುತ್ತದಂತೆ. ಬೇಯುವಾಗ ಒಡೆದುಹೋದ ಇಬೋಸನ್ನೆಲ್ಲ ಅಮ್ಮ ಯಾರ ತಟ್ಟೆಗೆ ಹಾಕುತ್ತಿದ್ದಳು, ಯಾರು ಅದಕ್ಕಾಗಿಯೇ ಬೇಕೆಂದು ದಾರ ಸಡಿಲ ಕಟ್ಟುತ್ತಿದ್ದರು ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ನಮಗೆ ಬರೆಯಲು ನಿನಗೆ ಕೈ ಬಾರದಿದ್ದರೆ ಬೇಡ. ಅವನಿಗೆ ಬರೆ. ಜಗಲಿಯ ವಿಳಾಸ ಲಕೋಟೆಯ ಹಿಂದಿದೆ, ವಿಲ್ಮಾ ಕುಟ್ಟಿಕೊಡುತ್ತಾಳೆ. ಒಂದೇ ಸಾಲು ಸಾಕು: ಒಡೆದವು ನನ್ನ ಪಾಲು, ಅವಳು ನನ್ನ ಅಕ್ಕ. ಬೇಗ ಬರೆ, ತೋತೋ.